ಗಿರಿಜೆಯ ತೋಳಿನ ಬರೆ

ಕಳೆದ ಶನಿವಾರ ಭದ್ರಾವತಿಯ ಸ್ಕೂಲೊಂದರಲ್ಲಿ ನಾನು ಒಬ್ಬ ಹುಡುಗಿಯ ಬೆರಳು ಮುರಿಯುವುದರಲ್ಲಿದ್ದೆ.

ಸಹಾಯ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ! ಬಹುಮಾನ ಹಂಚಲು ಶಿವಮೊಗ್ಗೆಯಿಂದ ಬೆಳಗಿನ ರೈಲಿಗೆ ಹೋಗಿದ್ದೆ. ನನ್ನ ಸ್ಪೀಚ್ ಶುರುವಾಗಿ ಹತ್ತು ನಿಮಿಷವಾಗಿರಬೇಕು (ಆಕಳಿಕೆಗಳೂ ಶುರುವಾಗಿದ್ದವು). ಎರಡನೇ ಸಾಲಿನಲ್ಲಿದ್ದ ಗಿರಿಜ ಎಂಬ ಹುಡುಗಿ ದೊಪ್ಪನೆ ಬಿದ್ದಳು. ಕೈಕಾಲು ಸೆಟೆದು ಅದುರತೊಡಗಿದವು. ಮೂರ್ಛೆರೋಗ.

ನಾವೆಲ್ಲ ಏನು ಮಾಡುತ್ತೇವೆ? ಕೈಗೆ ಕಬ್ಬಿಣ ಕೊಡುತ್ತೇವೆ. ನಾನೂ ಓಡಿಹೋಗಿ, ಅವಳ ಬಿಗಿದ ಮುಷ್ಟಿ ಬಿಡಿಸಿ ನನ್ನ ಬೀಗದ ಕೈ ಗೊಂಚಲು ತುರುಕಲು ಹೋದೆ.

"ಕೈ ಬಿಡ್ರೀ ಸಾರ್! ಬೆರಳು ಮುರಿಯುತ್ತೆ!"

ಗದರಿದ್ದು ನರ್ಸ್ ರೋಸಮ್ಮ. ದಿನಾ ಬೆಳಿಗ್ಗೆ ಆಸ್ಪತ್ರೆಯಿಂದ ಸ್ಕೂಲಿಗೆ ಬಂದು ಮಕ್ಕಳನ್ನು ನೋಡಿಕೊಳ್ಳುವವರು. ಅಷ್ಟರಲ್ಲಾಗಲೇ ಇಬ್ಬರು ಹುಡುಗಿಯರು ಬೆಂಚು ಸರಿಸಿ ಜಾಗ ಮಾಡಿದ್ದರು. ಒಬ್ಬಳು ತನ್ನ ಚೀಲವನ್ನು ಗಿರಿಜೆಯ ತಲೆಯಡಿ ಇಟ್ಟಳು. ಯಾರೂ ಕಿರುಚಲಿಲ್ಲ, ಯಾರೂ ನಗಲಿಲ್ಲ. ರೋಸಮ್ಮ ಅವಳನ್ನು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡುತ್ತ ಕೂತರು. ಹನ್ನೆರಡು ವರ್ಷದ ಮಕ್ಕಳಿಗೆ ಕಲಿಸಿದ್ದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಗಿರಿಜ ಸುಧಾರಿಸಿಕೊಂಡು ನಿದ್ದೆಹೋದ ಮೇಲೆ ರೋಸಮ್ಮ ಹೇಳಿದರು: "ದಿನಾ ನಾನೇ ಔಷಧಿ ಕುಡಿಸ್ತೀನಿ ಸಾರ್. ನಾಲ್ಕು ತಿಂಗಳು ಒಂದ್ಸಲಾನೂ ಬಿದ್ದಿರಲಿಲ್ಲ. ದಸರಾ ರಜದಲ್ಲಿ ಮನೇಲಿ ಅದನ್ನ ನಿಲ್ಲಿಸಿಬಿಟ್ರು. ಔಷಧಿ ಬದಲು ಏನ್ ಕೊಟ್ಟಿದ್ದಾರೆ ನೋಡಿ."

ಗಿರಿಜೆಯ ರವಿಕೆಯ ತೋಳು ಸರಿಸಿದರು. ಎರಡು ಬರೆ. ಇನ್ನೂ ಹಸಿ ಹಸಿ.

ಸುದ್ದಿ ತಿಳಿದು ಅವಳ ತಂದೆ ಬಂದರು, ಜವಳಿ ವ್ಯಾಪಾರಿ. "ಸ್ಕೂಲು ಸಾಕು, ಹೆಸರು ತೆಗೆದುಬಿಡಿ" ಎಂದರು.

"ಸ್ಕೂಲು ಬಿಡಿಸಿದ್ರೆ ಔಷಧಿ ಯಾರು ಕುಡಿಸ್ತಾರೆ?" ಎಂದರು ರೋಸಮ್ಮ. ಆತ ಮಗಳ ಚೀಲ ಹುಡುಕತೊಡಗಿದರು.

ನನಗೆ ರೇಗಿತು. "ಬರೆ ಹಾಕೋಕೆ ಯಾವ ಮೂರ್ಖ ಹೇಳಿದ್ದು ನಿಮಗೆ?"

ಆತ ನನ್ನ ಮುಖವನ್ನೇ ನೋಡಿದರು. "ನೀವೇ ಅಲ್ವಾ ಸ್ವಾಮಿ? ಬಾಟಲಿ ಔಷಧಿಗಿಂತ ಅಜ್ಜಿ ಹಾಕೋ ಬರೆ ಮೇಲು ಅಂತ ಹಬ್ಬದ ವಾರ ಪೇಪರಲ್ಲಿ ಬರೆದಿದ್ರಲ್ಲ. ಕತ್ತರಿಸಿ ಇಟ್ಕೊಂಡಿದ್ದೀನಿ."

ಬರೆದಿದ್ದೆ. ತಮಾಷೆಗೆ. ನಿಮ್ಮನ್ನು ನಗಿಸುವುದಕ್ಕೆ.

ಅದೆಲ್ಲ ಸುಳ್ಳು ಎಂದು ಅವರ ಕೈ ಹಿಡಿದು ಹೇಳಿದೆ. "ಅಚ್ಚಾಗಿರೋದು ಸುಳ್ಳಾಗುತ್ತಾ ಮಾರಾಯ್ರೇ?" ಎಂದು ಕೈ ಬಿಡಿಸಿಕೊಂಡರು. ನಿದ್ದೆಗಣ್ಣಿನ ಮಗಳನ್ನು ಎಬ್ಬಿಸಿಕೊಂಡು ಹೊರಟೇಹೋದರು. ರೋಸಮ್ಮ ಔಷಧಿ ಬಾಟಲಿ ಹಿಡಿದು ಗೇಟಿನವರೆಗೂ ಹಿಂದೆ ಹಿಂದೆ ಓಡಿದರು.

ಹಾಗಾದರೆ ಇದೂ ಅಚ್ಚಾಗಲಿ: ಬರೆಯಿಂದ ಮೂರ್ಛೆರೋಗ ವಾಸಿಯಾಗುವುದಿಲ್ಲ. ನಾನು ಬರೆದದ್ದು ತಪ್ಪು.

ಆ ವಾರ ನನ್ನನ್ನು ಓದಿ ನಕ್ಕವರ ಮಾತು ಬಿಡಿ. ನಗದೆ ಕಬ್ಬಿಣ ಕಾಯಿಸಿದವರು ನಿಮ್ಮಲ್ಲಿ ಇನ್ನೆಷ್ಟು ಮಂದಿ?