ಖಾಲಾ ಕತ್ತರಿಸಿದ ಬೊಂಬೆಗಳು

ನಾನು ಆನಿಮೇಷನ್ ಕಿರುಚಿತ್ರ ಮಾಡುತ್ತೇನೆ ಅಂದರೆ ಜನ ಮೊದಲು ಕೇಳುವುದು, ಯಾವ ಚಾನೆಲ್‌ನಲ್ಲಿ ಬರುತ್ತೆ ಅಂತ. ಯಾವ ಚಾನೆಲ್‌ನಲ್ಲೂ ಬರುವುದಿಲ್ಲ. ಏಳೋ ಒಂಬತ್ತೋ ನಿಮಿಷದ ಒಂದು ಚಿತ್ರ, ಅದಕ್ಕೆ ಮೂರು ನಾಲ್ಕು ವರ್ಷ. ಆಮೇಲೆ ಚಿತ್ರೋತ್ಸವಗಳಿಗೆ ಕಳಿಸಬೇಕು. ಅವರು ತಗೊಂಡರೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು, ನಗಬೇಕಾದ ಕಡೆ ಜನ ನಗುತ್ತಾರಾ ಅಂತ ಕಾಯಬೇಕು. ಇಪ್ಪತ್ತಮೂರನೇ ವಯಸ್ಸಿಗೆ ಮೈಸೂರಿನಿಂದ ಮಾಂಟ್ರಿಯಲ್‌ಗೆ ಓದಲು ಹೋದವಳು ಅಲ್ಲೇ ನಿಂತೆ, ಕೆನಡಾದ ಪ್ರಜೆಯೂ ಆದೆ. ಹೊಟ್ಟೆಪಾಡಿಗೆ ಮಕ್ಕಳ ಕಾರ್ಯಕ್ರಮಗಳಿಗೆ ಅವರು ಹೇಳಿದ ಮೊಲ, ಹೇಳಿದ ಕರಡಿ ಬರೆದುಕೊಡುತ್ತಿದ್ದೆ. ಮಿಕ್ಕ ಹೊತ್ತೆಲ್ಲ ನನ್ನ ಚಿತ್ರಕ್ಕೆ. ಹೀಗೆ ಹತ್ತು ವರ್ಷಕ್ಕೆ ಮೂರು ಚಿತ್ರಗಳಾದವು.

ನಾಲ್ಕನೆಯದು ಅರ್ಧವಾಗಿದ್ದಾಗ, 2020ರ ಮಾರ್ಚ್‌ನಲ್ಲಿ, ತಂಗಿಯ ಬಾಣಂತನಕ್ಕೆ ಅಮೆರಿಕದ ಡರ್ಹಮ್‌ಗೆ ಬಂದೆ. ಆರು ವಾರಕ್ಕೆ ಅಂತ ಬಂದವಳು ವಾಸದ ಗಡುವು ಮುಂದಕ್ಕೆ ಹಾಕಿಸಿಕೊಂಡು ಒಂದು ವರ್ಷ ಉಳಿದೆ. ತಂಗಿ, ಅವಳ ಗಂಡ ಇಬ್ಬರೂ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು. ಮಗುವಿಗೆ ಮೂರು ತಿಂಗಳಾಗುತ್ತಿದ್ದ ಹಾಗೇ ಅವಳನ್ನು ವಾಪಸ್ ಕರೆಸಿಕೊಂಡರು. ಕೊರೊನಾದಿಂದ ಡೇಕೇರ್‌ಗಳೆಲ್ಲ ಮುಚ್ಚಿದ್ದವು. ಹಗಲೆಲ್ಲ ಮನೆಯಲ್ಲಿ ಮಗು, ನಾನು, ತಂಗಿಯ ಅತ್ತೆ.

ಅವರನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆ. ಮೈಸೂರಿನಲ್ಲಿ ಇಪ್ಪತ್ತೇಳು ವರ್ಷ ಹೆಂಗಸರ ಟೈಲರಿಂಗ್ ಅಂಗಡಿ ನಡೆಸಿದವರು. ಗಂಡ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿ ಮಗನ ಹತ್ತಿರ ಬಂದಿದ್ದರು. ಮನೆಯಲ್ಲಿ ನಮ್ಮೆಲ್ಲರ ಮಾತು ಉರ್ದು. ಆದರೆ ಖಾಲಾ ಕೈಗೆ ಸೂಜಿಯೋ ಕತ್ತರಿಯೋ ಬಂದರೆ ತಾವಾಗಿ ಕನ್ನಡಕ್ಕೆ ಹೊರಳುತ್ತಿದ್ದರು. ಗಿರಾಕಿಗಳ ಜೊತೆ ಆಡಿದ ಭಾಷೆ ಅದೇ, ಕೆಲಸದ ಮಾತಿಗೆ ಅದೇ ಸಲೀಸು.

ಜನವರಿಯಲ್ಲಿ ಮಾಂಟ್ರಿಯಲ್‌ನಿಂದ ನನ್ನ ಮೇಲಿನ ಮನೆಯಾಕೆ ವಿಡಿಯೋ ಕಾಲ್ ಮಾಡಿದರು. ಚಳಿಗೆ ನೀರಿನ ಪೈಪ್ ಒಡೆದು ನನ್ನ ಬೇಸ್‌ಮೆಂಟ್ ತುಂಬಿತ್ತು. ಆಕೆ ಫೋನನ್ನು ಶೆಲ್ಫಿನ ಕಡೆ ಹಿಡಿದರು. ಆ ನಾಲ್ಕನೇ ಚಿತ್ರಕ್ಕೆ ಎರಡು ವರ್ಷ ಕೈಯಲ್ಲಿ ಬರೆದ ಹಾಳೆಗಳು ಉಬ್ಬಿ, ಒಂದಕ್ಕೊಂದು ಅಂಟಿ, ಇಟ್ಟಿಗೆಗಳ ಹಾಗೆ ಕೂತಿದ್ದವು. "ಸಾರಿ, ಸಾರಿ" ಅಂತ ಆಕೆ ಹೇಳುತ್ತಲೇ ಇದ್ದರು. ನಾನು ಅವರನ್ನೇ ಸಮಾಧಾನ ಮಾಡಿ ಫೋನಿಟ್ಟೆ. ಆಮೇಲೆ ಮಗುವಿಗೆ ಬಾಟಲಿ ಹಾಲು ಕುಡಿಸುತ್ತ ಅತ್ತುಬಿಟ್ಟೆ.

ಖಾಲಾ ಮಗುವನ್ನು ನನ್ನ ಕೈಯಿಂದ ತಗೊಂಡು, "ಅದರಲ್ಲಿ ಏನಿತ್ತು ಬೇಟಿ? ಕತೆ ಹೇಳು" ಅಂದರು.

ಹೇಳಿದೆ. ಹೊಸದಾಗಿ ಆ ದೇಶಕ್ಕೆ ಬಂದ ಹೆಂಗಸು, ಅವಳ ಮೊದಲ ಚಳಿಗಾಲ. ಹಿಮದಲ್ಲಿ ಬಸ್ಸಿಗೆ ಕಾಯುತ್ತಾಳೆ. ಬಸ್ಸು ಬರುವುದಿಲ್ಲ. ಪಕ್ಕದಲ್ಲಿ ನಿಂತವರ ಭಾಷೆ ಬಾರದು. ಕೊನೆಗೆ ಎಲ್ಲರೂ ಒಟ್ಟಿಗೆ ನಡೆದು ಹೋಗುತ್ತಾರೆ.

"ಅಷ್ಟೇನಾ?"

"ಅಷ್ಟೇ ಖಾಲಾ."

"ಇಷ್ಟಕ್ಕೆ ಎರಡು ವರ್ಷ ಯಾಕೆ?"

ಸೆಕೆಂಡಿಗೆ ಹನ್ನೆರಡು ಚಿತ್ರ ಬರೆಯಬೇಕು ಅಂತ ವಿವರಿಸಿದೆ. ಅವರು ಮಗುವನ್ನು ಹೆಗಲಿಗೆ ಹಾಕಿಕೊಂಡರು. ಆಮೇಲೆ, "ಪ್ರತಿ ಸಲ ಹೊಸದು ಯಾಕೆ ಬರೀತಿ? ಒಂದು ಬೊಂಬೆ ಕತ್ತರಿಸ್ಕೋ, ಕೈಕಾಲು ಬೇರೆ ಬೇರೆ ಮಾಡ್ಕೋ, ಜರುಗಿಸು" ಅಂದರು. ಕಾಗದದ ಬೊಂಬೆ ಕತ್ತರಿಸಿ ಆನಿಮೇಷನ್ ಮಾಡುವುದು ಹಳೆಯ ವಿದ್ಯೆ. ನಾನು ಕಾಲೇಜಿನಲ್ಲಿ ಒಂದು ಸಲ ಕಲಿತು ಬಿಟ್ಟಿದ್ದೆ, ಖಾಲಾ ಅದರ ಹೆಸರನ್ನೂ ಕೇಳಿರಲಿಲ್ಲ.

ಮಾರನೇ ದಿನ ಮಗು ಮಲಗಿದ್ದಾಗ ದಪ್ಪ ಕಾಗದದಲ್ಲಿ ಒಂದು ಹೆಂಗಸನ್ನು ಕತ್ತರಿಸಿದೆ. ಊಟದ ಮೇಜಿನ ಮೇಲೆ ಮಲಗಿಸಿ, ಮೇಲಿನಿಂದ ಕ್ಯಾಮೆರಾ ಕಟ್ಟಿ, ಅವಳ ಕೈ ಎತ್ತಿಸಿದೆ. ಖಾಲಾ ಲ್ಯಾಪ್‌ಟಾಪಿನಲ್ಲಿ ನೋಡಿದರು.

"ಇದು ಹೆಣ್ಣೋ, ಹ್ಯಾಂಗರ್‌ಗೆ ಹಾಕಿದ ಕೋಟೋ?"

ನನಗೆ ಸಿಟ್ಟು ಬಂತು. ಹನ್ನೆರಡು ವರ್ಷದಿಂದ ಇದೇ ಮಾಡಿಕೊಂಡು ಬಂದವಳು ನಾನು. ಅವರು ಅದನ್ನೇನೂ ಗಮನಿಸದೆ ನನ್ನ ತೋಳು ಹಿಡಿದು ಮೇಲಕ್ಕೆತ್ತಿದರು. "ನೋಡು, ಕೈ ಒಂದೇ ಏಳಲ್ಲ. ಭುಜ ಏಳತ್ತೆ, ಬೆನ್ನ ಮೇಲಿನ ಬಟ್ಟೆ ಎಳೀತದೆ, ಇಲ್ಲಿ ಸೊಂಟದ ಹತ್ರ ಅಂಚು ಮೇಲಕ್ಕೆ ಹೋಗ್ತದೆ. ಬಗಲು ಬಿಗಿಯಾದ್ರೆ ಗಿರಾಕಿ ಅದೇ ದಿನ ವಾಪಸ್ ತಂದು ಬಿಸಾಕ್ತಾಳೆ." ನನ್ನ ಕತ್ತರಿ ಇಸ್ಕೊಂಡು, ಗುರುತು ಕೂಡ ಹಾಕದೆ, ಭುಜಕ್ಕೊಂದು ತುಂಡು, ಬೆನ್ನಿಗೊಂದು ತುಂಡು ಕತ್ತರಿಸಿಕೊಟ್ಟರು. ಅವನ್ನು ಸೇರಿಸಿ ಮತ್ತೆ ಕೈ ಎತ್ತಿಸಿದೆ. ಮೇಜಿನ ಮೇಲಿನ ಹೆಂಗಸಿಗೆ ಚಳಿಯಾಗುತ್ತಿತ್ತು. ನಿಜವಾಗಲೂ ಚಳಿಯಾಗುತ್ತಿತ್ತು.

ಅಲ್ಲಿಂದ ಮಗು ಮಲಗುವ ಎರಡೆರಡು ಗಂಟೆ ನಮ್ಮ ಶೂಟಿಂಗ್. ಬೊಂಬೆಗಳ ನಡಿಗೆ ಬಗ್ಗೆ ಜಗಳವಾಡುತ್ತಿದ್ದೆವು. ಮೊಣಕಾಲು ನೋಯುವವರು ಹೇಗೆ ನಡೆಯುತ್ತಾರೆ ಅಂತ ಖಾಲಾ ಅಡುಗೆಮನೆಯ ಉದ್ದಕ್ಕೂ ನಡೆದು ತೋರಿಸಿದರು. ಡ್ಯೂಟಿ ಮುಗಿಸಿ ಬಂದ ತಂಗಿ ಮಾಸ್ಕ್ ಗುರುತು ಬಿದ್ದ ಮುಖದಲ್ಲೇ ನಿಂತು ಅವತ್ತಿನ ನಾಲ್ಕು ಸೆಕೆಂಡ್ ನೋಡಿ, "ಇನ್ನೊಂದ್ಸಲ ಹಾಕು ಆಪಾ" ಅನ್ನುತ್ತಿದ್ದಳು. ಆ ಚಳಿಗಾಲದಲ್ಲಿ ಅವಳು ನಕ್ಕಿದ್ದು ನನಗೆ ನೆನಪಿರುವುದು ಆ ಮೇಜಿನ ಹತ್ತಿರ ಮಾತ್ರ.

ಮಾರ್ಚ್‌ನಲ್ಲಿ ನಾನು ಮಾಂಟ್ರಿಯಲ್‌ಗೆ ವಾಪಸಾದೆ. ಬೊಂಬೆಗಳು ಪೋಸ್ಟ್‌ನಲ್ಲಿ ಬರತೊಡಗಿದವು. ಪ್ರತಿ ಲಕೋಟೆಯೊಳಗೆ ಚಿಕ್ಕ ಚಿಕ್ಕ ಪೊಟ್ಟಣ, ಅದರ ಮೇಲೆ ಖಾಲಾ ದುಂಡಗೆ ಬರೆದ ಕನ್ನಡ: "ಎಡಗೈ, ಚಳಿಗೆ ಮಡಚಿದ್ದು." "ಮುದುಕಿ ಕೋಟು, ಗಾಳಿ ಬಂದಾಗ." "ಇದು ಮುರೀದಂಗೆ ಹಿಡ್ಕೋ." ಇನ್ನೊಂದು ವರ್ಷಕ್ಕೆ ಚಿತ್ರ ಮುಗಿಯಿತು. ಒಂಬತ್ತು ನಿಮಿಷ.

ಅದು ಮೊದಲು ಆಯ್ಕೆಯಾಗಿದ್ದು ಅಟ್ಲಾಂಟಾದ ಒಂದು ಸಣ್ಣ ಚಿತ್ರೋತ್ಸವಕ್ಕೆ. ನಾನು ಡರ್ಹಮ್‌ಗೆ ವಿಮಾನದಲ್ಲಿ ಬಂದೆ. ಅಲ್ಲಿಂದ, ಮಗುವನ್ನು ಅದರ ಅಪ್ಪನ ಹತ್ತಿರ ಬಿಟ್ಟು, ತಂಗಿಯ ಕಾರಿನಲ್ಲಿ ಅವಳು, ಖಾಲಾ, ನಾನು ಮೂವರೂ ಹೊರಟೆವು. ಖಾಲಾ ತಾವೇ ಹೊಲಿದುಕೊಂಡ ಬೂದು ಬಣ್ಣದ ಕೋಟು ಹಾಕಿದ್ದರು. ಸೌತ್ ಕೆರೊಲೈನಾ ದಾಟುವವರೆಗೂ ಕಬಾಬ್ ಸುತ್ತಿದ ರೊಟ್ಟಿ ಒಂದೊಂದಾಗಿ ಮುಂದಿನ ಸೀಟಿಗೆ ದಾಟಿಸುತ್ತಿದ್ದರು.

ಚಿತ್ರ ಚೆನ್ನಾಗಿ ಹೋಯಿತು. ಬಸ್ಸಿಗೆ ಕಾಯುವವರಲ್ಲಿ ಒಬ್ಬ ಮುದುಕಿ ಜಾರಿ, ಸುಧಾರಿಸಿಕೊಂಡು, ಏನೂ ಆಗಿಲ್ಲ ಅನ್ನುವ ಹಾಗೆ ಕೋಟು ಕೊಡವಿಕೊಳ್ಳುವ ಕಡೆ ಇಡೀ ಹಾಲ್ ನಕ್ಕಿತು. ಆಮೇಲೆ ನನ್ನನ್ನು ವೇದಿಕೆಗೆ ಕರೆದರು. ಒಬ್ಬಾಕೆ ಕೇಳಿದರು: ಬಟ್ಟೆ ಮೈಮೇಲೆ ಹೀಗೆ ಸರಿಯುವುದನ್ನು ಕಾಗದದಲ್ಲಿ ಹೇಗೆ ತಂದಿರಿ? ನಾನು ಮೈಕ್ ಹಿಡಿದು, "ಜನ ಹೇಗೆ ಓಡಾಡುತ್ತಾರೆ ಅಂತ ತುಂಬಾ ದಿನ ಗಮನಿಸಿದೆ" ಅಂದುಬಿಟ್ಟೆ. ಸುಳ್ಳು ಹೇಳಬೇಕು ಅಂತ ಹೇಳಲಿಲ್ಲ. ಇಂಥ ಪ್ರಶ್ನೆಗಳಿಗೆ ಹನ್ನೆರಡು ವರ್ಷ ಒಬ್ಬಳೇ ಉತ್ತರ ಕೊಟ್ಟ ನಾಲಿಗೆ, ತನ್ನಷ್ಟಕ್ಕೆ ಹೇಳಿತು. ಎರಡನೇ ಸಾಲಿನಲ್ಲಿ ಖಾಲಾ ಕೂತಿದ್ದರು. ಅವರಿಗೆ ಅಷ್ಟು ಇಂಗ್ಲಿಷ್ ಬರುವುದಿಲ್ಲ ಅಂತ ಅಂದುಕೊಂಡೆ.

ಮರುದಿನ ವಾಪಸ್ ಹೊರಟೆವು. ಹೈವೇ ಪಕ್ಕದ ರೆಸ್ಟ್ ಏರಿಯಾದಲ್ಲಿ ಕಲ್ಲು ಬೆಂಚಿನ ಮೇಲೆ ಕೂತು ಫ್ಲಾಸ್ಕಿನ ಚಹಾ ಬಗ್ಗಿಸುತ್ತ ಖಾಲಾ ಕೇಳಿದರು, ಕನ್ನಡದಲ್ಲಿ: "ಕೊನೇಲಿ ಹೆಸರು ಬಂತಲ್ಲ, ನಂದು ಎಲ್ಲಿತ್ತು?"

"ಇತ್ತು ಖಾಲಾ. ಥ್ಯಾಂಕ್ಸ್ ಅಂತ ಬಂತಲ್ಲ, ಅದರ ಕೆಳಗೆ."

"ಅದು ಸೊಸೆ ಓದಿ ಹೇಳಿದ್ಲು. ಆ ಸಾಲಲ್ಲಿ ಇದ್ದೋರೆಲ್ಲ ಏನು ಮಾಡಿದ್ರು?"

ಒಬ್ಬರು ಕ್ಯಾಮೆರಾ ಎರವಲು ಕೊಟ್ಟವರು. ಇನ್ನೊಬ್ಬರು ಮೇಲಿನ ಮನೆಯಾಕೆ. ಅದನ್ನು ಹೇಳುವ ಬದಲು ನಾನು ಫ್ಲಾಸ್ಕಿನ ಮುಚ್ಚಳ ಹಾಕಿದೆ.

"ನನ್ನ ಅಂಗಡಿ ಬೋರ್ಡ್ ಮೇಲೆ ಇಪ್ಪತ್ತೇಳು ವರ್ಷ ನಮ್ಮ ಮನೆಯವರ ಹೆಸರಿತ್ತು ಬೇಟಿ. ಅವರಿಗೆ ಗುಂಡಿ ಹೊಲಿಯಕ್ಕೂ ಬರ್ತಿರಲಿಲ್ಲ. ಅವಾಗ ನಾನು ಕೇಳಲಿಲ್ಲ. ಕೇಳಬೇಕು ಅಂತಾನೇ ಗೊತ್ತಿರಲಿಲ್ಲ." ಚಹಾ ಲೋಟ ನನ್ನ ಕೈಗೆ ಕೊಟ್ಟರು. "ಈಗ ಕೇಳ್ತಾ ಇದೀನಿ."

ತಂಗಿ ಕಾರಿನ ಹತ್ತಿರ ಹೋಗಿ ಸುಮ್ಮನೆ ಟೈರ್ ನೋಡುತ್ತ ನಿಂತಳು. ನನಗೆ ಮೊದಲು ಬಾಯಿಗೆ ಬಂದದ್ದು ನೆಪಗಳೇ. ಕತೆ ನನ್ನದು, ಕ್ಯಾಮೆರಾ ಕೆಲಸ ನನ್ನದು, ಇವೆಲ್ಲ ನಿಜವೇ. ಆದರೂ ಆ ಹೆಂಗಸಿಗೆ ಚಳಿಯಾಗಿದ್ದು ನನ್ನಿಂದಲ್ಲ.

"ತಪ್ಪಾಯ್ತು ಖಾಲಾ. ನಿನ್ನೆ ಅಲ್ಲಿ ಹೇಳಿದ್ದೂ ತಪ್ಪು."

"ಅದೂ ಅರ್ಥ ಆಯ್ತು ನಂಗೆ," ಅಂದರು. "ಸರಿ ಮಾಡಕ್ಕಾಗತ್ತಾ? ಹೊಲಿದಿದ್ದು ಬಿಚ್ಚಬಹುದು. ಇದು?"

"ಇದೂ ಬಿಚ್ಚಬಹುದು."

ಡರ್ಹಮ್ ತಲುಪಿದ ಮಾರನೇ ಬೆಳಿಗ್ಗೆ ಅದೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೊನೆಯ ಭಾಗ ಹೊಸದಾಗಿ ಮಾಡಿದೆ. ನನ್ನ ಹೆಸರು ಬಂದು ಹೋದ ಮೇಲೆ ಪರದೆ ತುಂಬ ಖಾಲಾ ಹೆಸರು ಮಾತ್ರ, ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ, ಜೊತೆಗೆ ಅವರು ಮಾಡಿದ ಕೆಲಸ: ಬೊಂಬೆಗಳು, ಬಟ್ಟೆ ಮತ್ತು ನಡಿಗೆ. ಕನ್ನಡ ಅಕ್ಷರಗಳನ್ನು ಅವರೇ ಬರೆದರು, ಮೂರು ಸಲ ಹರಿದು ಹಾಕಿ ನಾಲ್ಕನೇ ಸಲ ಒಪ್ಪಿದರು. ಮುಂದೆ ಎಲ್ಲೆಲ್ಲಿ ಚಿತ್ರ ತೋರಿಸುವುದಿತ್ತೋ ಅಲ್ಲಿಗೆಲ್ಲ ಹೊಸ ಪ್ರತಿ ಕಳಿಸಿದೆ. ಅಟ್ಲಾಂಟಾದವರಿಗೂ ಪತ್ರ ಬರೆದೆ. ಪ್ರಶ್ನೆ ಕೇಳಿದ ಆಕೆ ಯಾರೋ ಗೊತ್ತಿಲ್ಲ, ನಾನು ಕೊಟ್ಟ ಉತ್ತರ ತಪ್ಪಾಗಿತ್ತು ಅಂತ ತಿಳಿಸಿದೆ. ಅವರು ಅದನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಿದರು.

ಆಮೇಲೆ ವಾಷಿಂಗ್‌ಟನ್ ಹತ್ತಿರ, ಮೇರಿಲ್ಯಾಂಡ್‌ನಲ್ಲಿ ಒಂದು ಪ್ರದರ್ಶನವಾಯಿತು. ಈ ಸಲ ವೇದಿಕೆಯ ಮೇಲೆ ಎರಡು ಕುರ್ಚಿ. ಖಾಲಾ ಕನ್ನಡದಲ್ಲಿ ಹೇಳಿದ್ದನ್ನು ನಾನು ಇಂಗ್ಲಿಷ್ ಮಾಡುತ್ತಿದ್ದೆ. ಮುಂದಿನ ಸಾಲಿನ ಗಡ್ಡದ ಯುವಕನೊಬ್ಬ, ನಿಮ್ಮ ತರಬೇತಿ ಎಲ್ಲಾಯಿತು ಅಂತ ಕೇಳಿದ. ಖಾಲಾ ಅವನನ್ನು ಮೇಲಿಂದ ಕೆಳಗೆ ನೋಡಿ, "ಇವನ ಎಡ ಭುಜ ಬಲಕ್ಕಿಂತ ಅರ್ಧ ಇಂಚು ಕೆಳಗಿದೆ. ಹೆಗಲಿಗೆ ಭಾರದ ಚೀಲ ಹಾಕ್ತಾನೆ, ದಿನಾ. ಕೇಳು" ಅಂದರು. ಕೇಳಿದೆ. ಅವನು ಕಾಲಡಿಯಿಂದ ದೊಡ್ಡ ಕ್ಯಾಮೆರಾ ಚೀಲ ಎತ್ತಿ ತೋರಿಸಿದ. ಅವತ್ತು ಬಿದ್ದಷ್ಟು ಚಪ್ಪಾಳೆ ನನ್ನ ಯಾವ ಚಿತ್ರಕ್ಕೂ ಬಿದ್ದಿರಲಿಲ್ಲ.

ಈಗ ಐದನೇ ಚಿತ್ರ ನಡೆಯುತ್ತಿದೆ. ನಿರ್ದೇಶನ ಇಬ್ಬರದೂ, ಅದನ್ನು ಮೊದಲ ದಿನವೇ ಕಾಗದದ ಮೇಲೆ ಬರೆದು ಸಹಿ ಮಾಡಿದ್ದೇವೆ. ಮೈಸೂರಿನ ಟಾಂಗಾ ಕುದುರೆಯೊಂದು ಸವಾರಿ ಇಲ್ಲದ ದಿನ ಒಂಟಿಯಾಗಿ ಪೇಟೆ ಸುತ್ತುವ ಕತೆ, ಅದು ಖಾಲಾದು. ಈ ವಾರ ನಾನು ಕಳಿಸಿದ ಕುದುರೆಯ ನಡಿಗೆ ಅವರಿಗೆ ಹಿಡಿಸಲಿಲ್ಲ. ಫೋನ್ ಮಾಡಿ, "ಹಿಂಗಾಲು ಮೇಜಿನ ಕಾಲಿದ್ದಂಗಿದೆ. ಇಲ್ಲಿ ಊರಾಚೆ ಕುದುರೆ ಸಾಕೋರು ಇದಾರಂತೆ, ಶನಿವಾರ ಕರ್ಕೊಂಡು ಹೋಗ್ತೀನಿ ಅಂದಿದಾಳೆ ಸೊಸೆ. ನಾನು ಕಣ್ಣಾರೆ ನೋಡ್ಕೊಂಡು ಬರೋವರೆಗೂ ಅದನ್ನ ಮುಟ್ಟಬೇಡ" ಅಂದರು. ನಾನು ಕಾಗದದ ಕುದುರೆಯನ್ನು ಪೊಟ್ಟಣದಲ್ಲಿಟ್ಟು, ಅದು ಓಡಾಡಬೇಕಾದ ಪೇಟೆ ಬೀದಿಯ ಮನೆಗಳಿಗೆ ಬಣ್ಣ ಹಚ್ಚುತ್ತಿದ್ದೇನೆ.