ಕೆಗ್ಗಿನ ಮುಳ್ಳು, ಅಪ್ಪನ ಒದ್ದೆ ಕೈ

ಅಪ್ಪ ಕುಡಿಯುವುದನ್ನು ಬಿಟ್ಟು ನಾಲ್ಕು ವರ್ಷವಾಗಿತ್ತು. ಅಂಥ ಮನೆಯಲ್ಲಿ ಅಣ್ಣ ಬಿಯರ್ ಮಾಡಲು ಹೊರಟ. ಬೇಡ ಎಂದು ವಾದಿಸಿದವಳು ನಾನೊಬ್ಬಳೇ. ಪರವಾನಗಿ ಇಲ್ಲದೆ ಮಾಡಿದರೆ ಕಾಯ್ದೆ ಬಿಡುವುದಿಲ್ಲ ಎಂದೂ ಹೇಳಿದೆ. ಹಾವೇರಿಯ ಕಾಲೇಜಿಗೆ ಚರ್ಚಾಸ್ಪರ್ಧೆಯ ಢಾಲು ತಂದುಕೊಟ್ಟವಳು ರಾಣೇಬೆನ್ನೂರಿನ ನಮ್ಮ ಅಡುಗೆಮನೆಯಲ್ಲಿ ಸೋತೆ. ಯಾಕೆಂದರೆ ಅಪ್ಪನೇ, "ಮಾಡ್ಲಿ ಬಿಡು, ನಾ ಅದನ್ನ ಮುಟ್ಟೂದಿಲ್ಲ" ಅಂದುಬಿಟ್ಟ.

ಅವ್ವ ಮಾತ್ರ ಒಂದು ಮಾತು ಸೇರಿಸಿದಳು. "ಒಂದ ಗುಟುಕು ಹೋತಂದ್ರೂ ನಾ ಗುತ್ತಲಕ್ಕ, ನಮ್ಮವ್ವನ ಮನಿಗೆ ಹೋಗಾಕಿ. ಈ ಸಲ ಕರ್ಯಾಕ ಬರಬ್ಯಾಡ್ರಿ."

ಅಣ್ಣ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕಂಪ್ರೆಸರ್ ಮೆಕ್ಯಾನಿಕ್. ಮೆಣಸಿನಕಾಯಿ ಸೀಜನ್ನಿನಲ್ಲಿ ಅಲ್ಲೇ ಉಳಿದು, ಭಾನುವಾರ ಮಾತ್ರ ಮನೆಗೆ ಬರುತ್ತಾನೆ. ಗೇಜು, ವಾಲ್ವು ಅಂದರೆ ಅವನಿಗೆ ಮನೆದೇವರು. ಹಳೆಯದೊಂದು ಸ್ಟೀಲ್ ಕೆಗ್, ಅಂದರೆ ಬಿಯರ್ ಪೀಪಾಯಿ, ತರಿಸಿ, ಬಾರ್ಲಿಯ ರಸ ತುಂಬಿ, ಯೀಸ್ಟ್ ಹಾಕಿ, ಗೇಜು ಕೂರಿಸಿದ ಮುಚ್ಚಳ ಬಿಗಿದು, ಜೋಳದ ಚೀಲ ಇಡುವ ಖೋಲಿಯಲ್ಲಿ ಇಟ್ಟ.

"ನಮ್ಮೂರ ಸೆಕಿಗೆ ಯೀಸ್ಟ್ ತಿಕ್ಕಲ ಹಿಡದಂಗ ಮಾಡ್ತೈತಿ, ಬಿಯರ್ ನಾತ ಹೊಡೀತೈತಿ. ಒತ್ತಡದಾಗ ಇಟ್ಟರ ಸುಮ್ನ ಕೆಲಸ ಮಾಡ್ತೈತಿ."

"ಹೆಣ್ಮಕ್ಕಳ ಬಗ್ಗೆನೂ ಹಿಂಗ ಅಂತಿದ್ರು," ಅಂದೆ.

"ಏ, ನಿನ್ನ ಭಾಷಣ ಇದರಾಗ ತುಂಬಿದ್ರ ವಾಲ್ವ ಹಾರಿ ಹೋಗ್ತೈತಿ!"

ಎರಡನೇ ಭಾನುವಾರದ ಹೊತ್ತಿಗೆ ಹುದುಗುವುದು ಹೆಚ್ಚುಕಡಿಮೆ ಮುಗಿದಿತ್ತು. ಹೆಚ್ಚಾದ ಗ್ಯಾಸನ್ನು ಹೊರಗೆ ಬಿಡುತ್ತಿದ್ದ ವಾಲ್ವನ್ನು ಅಣ್ಣ ಪೂರ್ತಿ ಮುಚ್ಚಿದ. ಅಪ್ಪ ಬ್ಯಾಡಗಿ ಯಾರ್ಡಿನಲ್ಲಿ ಮೆಣಸಿನಕಾಯಿ ಚೀಲ ತೂಗುತ್ತಲೇ ಮುದುಕನಾದವನು. ತೂಗದೆ ಏನನ್ನು ಒಳಗಿಟ್ಟರೂ ಅವನಿಗೆ ಸಮಾಧಾನವಿಲ್ಲ. ಮನೆಯಲ್ಲಿದ್ದ ತೂಕದ ಕಾಟಾದ ಮೇಲೆ ಕೆಗ್ ಇಟ್ಟು, ಚೀಲಕ್ಕೆ ಗುರುತು ಹಾಕುವ ಮಾರ್ಕರಿನಿಂದ ಅದರ ಹೊಟ್ಟೆಯ ಮೇಲೆ ಬರೆದ: ಇಪ್ಪತ್ತೆರಡು ಕಿಲೋ ಆರನೂರು. ನಾನು ನಕ್ಕೆ.

ಹೊರಡುವಾಗ ಅಣ್ಣ, "ಇದಕ್ಕ ಸೆಕಿ ತಾಗಬಾರದು ನೋಡ್ರಿ. ಮುಳ್ಳು ಹದಿನೈದು ದಾಟಿದ್ರ ಫೋನ್ ಮಾಡ್ರಿ" ಅಂದ. ಅವ್ವ ಅಪ್ಪನ ಕಡೆ ತಿರುಗಿ, "ನೀವಂತೂ ಆ ಖೋಲಿ ಹೊಸ್ತಿಲ ದಾಟಬ್ಯಾಡ್ರಿ" ಅಂದಳು. ಗೇಜಿನ ಮುಳ್ಳು ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಸೋಮವಾರ ಸಂಜೆ ಹದಿನೈದು. ಮಂಗಳವಾರ ಬೆಳಿಗ್ಗೆ ಹನ್ನೊಂದು.

ಮುಚ್ಚಿದ ಕೆಗ್ಗಿನಿಂದ ನಾಲ್ಕು ಅಂಕಿ ಎಲ್ಲಿ ಹೋದವು? ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ. ಸಂಜೆ ಮುಳ್ಳು ಮತ್ತೆ ಏರಿತ್ತು. ಯೀಸ್ಟ್ ಇನ್ನೂ ಜೀವಂತವಿದೆ, ಯಾರೋ ಕುಡಿದು ಖಾಲಿಯಾದ ಜಾಗವನ್ನು ಗ್ಯಾಸ್ ತುಂಬಿದೆ ಎಂದು ನಾನೇ ಉತ್ತರ ಕೊಟ್ಟುಕೊಂಡೆ. ಬುಧವಾರವೂ ಅದೇ ಕಥೆ. ಗುರುವಾರ ಆರಕ್ಕೇ ಎದ್ದೆ. ಅಪ್ಪ ಖೋಲಿಯಿಂದ ಹೊರಗೆ ಬರುತ್ತಿದ್ದ. ಕೈ ಒದ್ದೆ. ನೆಲದ ಮೇಲೆ ಹನಿ.

"ಏನ ಮಾಡಾಕತ್ತಿದ್ದೆಪಾ ಒಳಗ?"

"ಹೆಗ್ಗಣ ಹೊಕ್ಕಿತ್ತು."

ಹೆಗ್ಗಣ ಓಡಿಸಿದವನ ಕೈ ಯಾಕೆ ತೊಯ್ದಿರಬೇಕು? ಬಾಯಿ ವಾಸನೆ ನೋಡಲು ಹತ್ತಿರ ಹೋದೆ. ತಂಬಾಕು ಬಿಟ್ಟು ಬೇರೇನೂ ಬರಲಿಲ್ಲ. ಅದಕ್ಕೇ ತಂಬಾಕು ಹಾಕಿಕೊಂಡಿದ್ದಾನೆ ಅಂದುಕೊಂಡೆ. ಅಣ್ಣನಿಗೆ ಫೋನು ಮಾಡಿ ಮುಳ್ಳು ಯಾಕೆ ಇಳಿಯುತ್ತದೆ ಎಂದು ಕೇಳಬಹುದಿತ್ತು. ಆದರೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ವೇದಿಕೆಯ ಮೇಲೆ ಕೇಳಬಾರದು ಎಂದು ಕಲಿತವಳು ನಾನು.

ಭಾನುವಾರ ಅಣ್ಣ ಬಂದ. ಎಲ್ಲರೂ ಒಗ್ಗರಣೆ ಮಂಡಕ್ಕಿ ತಿನ್ನುತ್ತಿರುವಾಗ ಕ್ಯಾಲೆಂಡರ್ ತಂದು ಓದಿದೆ: ದಿನ, ಹೊತ್ತು, ಅಂಕಿ, ಒದ್ದೆ ಕೈ, ಹೆಗ್ಗಣ. ಚೆನ್ನಾಗಿಯೇ ಓದಿದೆ. ಅವ್ವ ಎದ್ದು ಒಲೆ ಆರಿಸಿದಳು.

"ಖರೇನೇನ್ರಿ?"

ಅಪ್ಪ ಎದ್ದ. ಪಡಸಾಲೆಗೆ ಕಾಟಾ ತಂದಿಟ್ಟ. ಕೆಗ್ಗನ್ನು ಮಗು ಎತ್ತಿದ ಹಾಗೆ ಎತ್ತಿ ಅದರ ಮೇಲಿಟ್ಟು ಹಿಂದೆ ಸರಿದ. ಇಪ್ಪತ್ತೆರಡು ಕಿಲೋ ಆರನೂರು.

"ಕುಡದಷ್ಟ ನೀರು ಹಾಕಿದ್ರ?" ಹೌದು, ಅದನ್ನೂ ಕೇಳಿದೆ.

"ನೀರ ಹಾಕಾಕ ಮುಚ್ಚಳ ತಗದಿದ್ರ ಮುಳ್ಳು ಸೊನ್ನಿಗೆ ಬೀಳತಿತ್ತು, ನಿನ್ನ ಅಂಕ್ಯಾಗ ಸೊನ್ನಿ ಎಲ್ಲೂ ಇಲ್ಲ," ಅಂದ ಅಣ್ಣ. ನಗಲಿಲ್ಲ.

ಆಮೇಲೆ ಅಪ್ಪ ಜೋಳದ ಚೀಲದ ಹಿಂದಿನಿಂದ ಒಂದು ಹಸಿ ಗೋಣಿತಟ್ಟು ಎಳೆದು ತಂದ. "ಸೆಕಿ ತಾಗಬಾರದು ಅಂದಿದ್ನಲ್ಲ ಇಂವ. ನಸುಕಿನ್ಯಾಗ ಎದ್ದು ಇದನ್ನ ತೊಯ್ಸಿ ಸುತ್ತತಿದ್ದೆ. ನೀವೆಲ್ಲ ಏಳೂದ್ರಾಗ ತಗೀತಿದ್ದೆ. ಖೋಲಿಗೆ ಹೋಗಬ್ಯಾಡಂತ ನಿಮ್ಮವ್ವ ಹೇಳಿದ್ಲು, ಅದಕ್ಕ ಬಾಯಿ ಬಿಡಲಿಲ್ಲ."

ತಂಪಾದರೆ ಗ್ಯಾಸ್ ಬಿಯರಿನೊಳಗೆ ಇಳಿಯುತ್ತದಂತೆ, ಅದರ ಜೊತೆ ಮುಳ್ಳೂ. ಬಿಸಿಲೇರಿದರೆ ಎರಡೂ ಮೇಲೆ ಬರುತ್ತವಂತೆ. ಅಣ್ಣ ಅದನ್ನು ನನಗೆ ಎರಡು ಸಲ ಹೇಳಿದ. ನನಗೆ ಒಂದೇ ಸಲಕ್ಕೆ ತಿಳಿದಿತ್ತು.

ಅಪ್ಪ ಕ್ಯಾಲೆಂಡರ್ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದ. "ನೀ ಬರದ ಅಂಕಿ ಎಲ್ಲಾ ಖರೇ ಅದಾವ ಮಗಳ. ಇದರಾಗ ನನ್ನ ಹೆಸರ ಹೆಂಗ ಬಂತು?"

ಅವ್ವ ಮತ್ತೆ ಒಲೆ ಹಚ್ಚಿ ಚಹಾಕ್ಕೆ ಇಟ್ಟಳು. ಮೊದಲ ಕಪ್ಪು ಅಪ್ಪನಿಗೇ ಕೊಟ್ಟಳು.

ಬಿಯರ್ ಇನ್ನೂ ಒಂದು ವಾರ ಇರಲಿ ಎಂದು ಅಣ್ಣ ಬ್ಯಾಡಗಿಗೆ ಹೋದ. ಅಪ್ಪ ಖೋಲಿಯ ಕಡೆ ತಿರುಗಿಯೂ ನೋಡಲಿಲ್ಲ. ಸೋಮವಾರ ಸಂಜೆ ಮುಳ್ಳು ಹದಿನಾರಕ್ಕೆ ಬಂತು. ಫೋನು ಮಾಡಲು ನಾಚಿಕೆಯಾಯಿತು. ಗೋಣಿತಟ್ಟನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಕೆಗ್ಗಿಗೆ ಸುತ್ತಿದೆ. ಎಷ್ಟು ಭಾರವಿತ್ತು ಆ ಹಸಿ ತಟ್ಟು! ಅಪ್ಪ ಇದನ್ನು ದಿನಾ ಸದ್ದಿಲ್ಲದೆ ಹೇಗೆ ಎತ್ತುತ್ತಿದ್ದನೋ.

ಹೊರಗೆ ಬಂದಾಗ ಬಾಗಿಲಲ್ಲಿ ಅವ್ವ ನಿಂತಿದ್ದಳು. ನನ್ನ ಕೈ ನೋಡಿದಳು, ನೆಲದ ಹನಿ ನೋಡಿದಳು, ಮತ್ತೆ ಕೈ ನೋಡಿದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.