ಮಲೆಬೆನ್ನೂರು ರೈಲ್ವೆ ಸ್ಟೇಷನ್

ಗೆಳೆಯರೇ, ಬೆಳಿಗ್ಗೆಯಿಂದ ಕೆಟ್ಟಿದ್ದ ತಲೆ ಈಗ ಹಗುರವಾಯಿತು. ನಾನು ಅಡ್ಮಿನ್ ಆಗಿರುವ ದಾವಣಗೆರೆ-ಹರಿಹರ ಮೊಬೈಲ್ ರಿಪೇರಿಯವರ ಗುಂಪಿಗೆ ಇಂದು ಹೊಸ ಸದಸ್ಯರ ದಂಡೇ ಬಂತು. ಎಲ್ಲರೂ ತಾವು ಮಲೆಬೆನ್ನೂರಿನವರೆಂದು ಹೇಳಿಕೊಂಡು, ಬ್ಯಾಟರಿ ಉಳಿಸುವ ಒಂದೇ ಆ್ಯಪನ್ನು ಹಾಡಿ ಹೊಗಳಿದರು. ಯಾರೋ ಕಾಸು ಕೊಟ್ಟು ಹೊಗಳಿಸುತ್ತಿದ್ದಾರೆ ಎಂದು ಸಿಟ್ಟು ಬಂತು. ಒಟ್ಟಿಗೇ ತೆಗೆದುಹಾಕಲು ಹೊರಟೆ. ಆದರೆ ಅವರಲ್ಲೊಬ್ಬ ನಿಜವಾದ ಅಂಗಡಿಯವನಿದ್ದರೆ?

"ಭಾನುವಾರ ಎಲ್ರೂ ಮಲೆಬೆನ್ನೂರು ರೈಲ್ವೆ ಸ್ಟೇಷನ್ ಹತ್ರ ಸೇರೋಣ, ಬರ್ರಿ" ಎಂದು ಹಾಕಿದೆ.

"ಖಂಡಿತ ಬರುತ್ತೇನೆ ಸರ್!" "ನಮ್ಮ ಮನೆ ಸ್ಟೇಷನ್ ಹಿಂದೆಯೇ ಇದೆ ಸರ್!" ಉತ್ತರಗಳು ಸಾಲುಗಟ್ಟಿದವು.

ಕೊನೆಗೆ ಹೊಸಬರಲ್ಲೇ ಒಬ್ಬರಾದ ಮುಜೀಬ್ ಬರೆದರು: "ಅಣ್ಣಾ, ಯಾವ ಸ್ಟೇಷನ್ರಿ? ನಮ್ಮೂರಾಗೆ ಇರೋದು ಬಸ್ ಸ್ಟ್ಯಾಂಡ್ ಒಂದೇ. ಆ್ಯಪ್ ಮಾತ್ರ ಚೆನ್ನಾಗೈತೆ, ಅದಕ್ಕೇ ಹೊಗಳಿದ್ದು."

ಸದ್ಯ, ಒಬ್ಬ ನಿಜವಾದ ಮನುಷ್ಯ ಕೈತಪ್ಪಲಿಲ್ಲ. ಮುಜೀಬರನ್ನು ಉಳಿಸಿಕೊಂಡು, ಸ್ಟೇಷನ್ನಿನ ಅಕ್ಕಪಕ್ಕದವರನ್ನೆಲ್ಲ ಗುಂಪಿನಿಂದ ಹೊರಹಾಕಿದೆ. ಮಲೆಬೆನ್ನೂರಿಗೆ ರೈಲು ಹಳಿ ಯಾವಾಗ ಬೀಳುತ್ತದೋ ಗೊತ್ತಿಲ್ಲ. ಟಿಕೆಟ್ ಇಲ್ಲದವರನ್ನಂತೂ ಇವತ್ತೇ ಇಳಿಸಿದ್ದೇನೆ.